‘ಅವಳು ಬೇಕಂತಲೇ ಕೊಯ್ದುಕೊಂಡಳಾ?’

ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ ಬರೆದ ‘ಕಟ್’ ಕವಿತೆಯಲ್ಲಿ, ಈರುಳ್ಳಿ ಹೆಚ್ಚಲು ಹೋಗಿ ಹೆಬ್ಬೆರಳು ಕೊಯ್ದುಹೋಗುತ್ತದೆ. ಅದನ್ನು ಯಾರ ಜೊತೆ ಓದಲು ಕೂತರೂ, ಎರಡನೇ ಚರಣ ಮುಗಿಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ದನಿ ತಗ್ಗಿಸಿ ಕೇಳುತ್ತಾರೆ, ಪಕ್ಕದ ಮನೆಯ ಜಗಳದ ಬಗ್ಗೆ ವಿಚಾರಿಸುವ ಹಾಗೆ. ‘ಈರುಳ್ಳಿ ಅಂತ ಸುಮ್ನೆ ಹೇಳಿದ್ದಾಳೆ, ಅಲ್ವಾ? ಬೇಕಂತಲೇ ಕೊಯ್ದುಕೊಂಡಿದ್ದು, ಅಲ್ವಾ?’

ಅಲ್ಲ. ನನ್ನ ಮಟ್ಟಿಗೆ ಈರುಳ್ಳಿ ಅಂದರೆ ಈರುಳ್ಳಿಯೇ.

ಕೇಳುವವರದ್ದೂ ತಪ್ಪಿಲ್ಲ. ಪ್ಲಾತ್ ಬಗ್ಗೆ ಏನೂ ಓದದವರಿಗೂ ಅವಳ ಸಾವಿನ ಕಥೆ ಗೊತ್ತಿರುತ್ತದೆ. 1963ರ ಫೆಬ್ರವರಿ 11ರಂದು, 30ರ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತಾನೇ ಪ್ರಾಣ ಕಳೆದುಕೊಂಡಳು. ಹಾಗಾಗಿ ಅವಳು ಏನು ಬರೆದಿದ್ದರೂ ಅದು ಆ ದಿನದ ಕಡೆಗೇ ಹೊರಟಿತ್ತು ಅಂತ ಓದಿಕೊಳ್ಳುತ್ತೇವೆ. ಆದರೆ ‘ಕಟ್’ ಬರೆದದ್ದು 1962ರ ಅಕ್ಟೋಬರ್ 24ರಂದು, ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚೆ. ಇಂಗ್ಲೆಂಡಿನ ಡೆವನ್‌ನಲ್ಲಿ ಒಂದು ಹಳೇ ಮನೆ, ಎರಡು ಪುಟ್ಟ ಮಕ್ಕಳು. ಗಂಡ ಟೆಡ್ ಹ್ಯೂಸ್ ಬಿಟ್ಟು ಹೋಗಿದ್ದ. ಆ ತಿಂಗಳು ಅವಳು ಹೆಚ್ಚುಕಡಿಮೆ ದಿನಕ್ಕೊಂದು ಕವಿತೆ ಬರೆದಳು. ಈ ಕವಿತೆಯ ತಲೆ ಮೇಲೆ ಒಂದು ಅರ್ಪಣೆಯೂ ಇದೆ. ಆಗ ಮಕ್ಕಳನ್ನು ನೋಡಿಕೊಳ್ಳಲು ಬರುತ್ತಿದ್ದ ಎಳೆಯ ನರ್ಸ್ ಒಬ್ಬಳಿಗೆ, ಹೆಸರು ಹಾಕಿ. ಮುಚ್ಚಿಡಬೇಕಾದ ಗಾಯವನ್ನು ಯಾರಾದರೂ ಹೀಗೆ ಉಡುಗೊರೆ ಕೊಡುತ್ತಾರಾ?

ತೊಂದರೆ ಇರುವುದು ‘ಕನ್ಫೆಷನಲ್’ ಅನ್ನೋ ಹಣೆಪಟ್ಟಿಯಲ್ಲಿ. ಕವಿ ತನ್ನ ಖಾಸಗಿ ಬದುಕನ್ನೇ ಬಿಚ್ಚಿಡುವ ಕವಿತೆಗೆ ಆ ಹೆಸರು. 1959ರಲ್ಲಿ ಅಮೆರಿಕದ ಕವಿ ರಾಬರ್ಟ್ ಲೋವೆಲ್‌ನ ಪುಸ್ತಕವೊಂದನ್ನು ವಿಮರ್ಶೆ ಮಾಡುತ್ತಾ ವಿಮರ್ಶಕ ಎಂ.ಎಲ್. ರೋಸೆಂತಾಲ್ ಈ ಮಾತು ಬಳಸಿದ. ಅದೇ ವರ್ಷ ಪ್ಲಾತ್ ಬಾಸ್ಟನ್‌ನಲ್ಲಿ ಲೋವೆಲ್‌ನ ತರಗತಿಯಲ್ಲಿ ಕೂರುತ್ತಿದ್ದಳು. ಹಣೆಪಟ್ಟಿ ಇವಳಿಗೂ ಅಂಟಿತು. ಕನ್ನಡದಲ್ಲಿ ಅದು ‘ತಪ್ಪೊಪ್ಪಿಗೆ’ ಆಗುತ್ತದೆ, ಕೇಳಿದ ಕೂಡಲೇ ಪೊಲೀಸ್ ಠಾಣೆ ನೆನಪಾಗುತ್ತದೆ. ಓದುವವರೂ ಇನ್‌ಸ್ಪೆಕ್ಟರ್ ಆಗಿಬಿಡುತ್ತಾರೆ. ನಿಜ ಹೇಳು, ಚಾಕು ಹೇಗೆ ಜಾರಿತು?

ನನಗೆ ಈ ಕವಿತೆ ತೆರೆದುಕೊಂಡಿದ್ದು ಈಳಿಗೆ ಮಣೆಯ ಮುಂದೆ. ಹಾಗಲಕಾಯಿ ಹೆಚ್ಚುತ್ತಿದ್ದೆ, ಮಾತಿನ ಭರದಲ್ಲಿ ಕೈ ಜಾರಿತು. ಹೆಬ್ಬೆರಳಿನ ಪಕ್ಕದ ಚರ್ಮ ಎದ್ದು ನಿಂತಿತ್ತು. ನೋವಿಲ್ಲ. ರಕ್ತವೂ ಇಲ್ಲ. ಒಳಗೆಲ್ಲ ಬೆಳ್ಳಗೆ. ಅರೆ, ಹಾಗಲಬೀಜದ ಹಾಗೇ ಇದೆಯಲ್ಲ ಅಂದುಕೊಂಡೆ. ನಗು ಕೂಡ ಬಂತು. ಆಮೇಲೆ ಕೆಂಪು ಜಿನುಗಿತು, ಹರಿಯಿತು, ಹೋಳುಗಳ ಮೇಲೆ ತೊಟ್ಟಿಕ್ಕಿತು. ಅಮ್ಮ ಓಡಿ ಬಂದು ಒಂದು ಹಿಡಿ ಅರಿಶಿನ ಒತ್ತಿದಾಗಲೇ ನಾನು ಕೂಗಿದ್ದು.

ಈಳಿಗೆಗೂ ಅರಿಶಿನಕ್ಕೂ ನಡುವೆ ಸಿಕ್ಕಿತಲ್ಲ, ಆ ಅರೆಗಳಿಗೆ. ‘ಕಟ್’ ಕವಿತೆ ಇರುವುದೇ ಅಲ್ಲಿ. ನೋವು ಇನ್ನೂ ದಾರಿಯಲ್ಲಿದೆ, ಅದು ತಲುಪುವ ಮೊದಲು ತಲೆಯೊಳಗೆ ಚಿತ್ರಗಳು ನುಗ್ಗುತ್ತವೆ. ಇಡೀ ಕವಿತೆ 40 ಸಾಲು, ನಾಲ್ಕು ನಾಲ್ಕರಂತೆ ಹತ್ತು ಚರಣ. ಶುರುವಾಗುವುದೇ ‘ಥ್ರಿಲ್’ ಅನ್ನುವ ಮಾತಿನಿಂದ. ಅಯ್ಯೋ ಅಲ್ಲ, ಅಮ್ಮಾ ಅಲ್ಲ, ಥ್ರಿಲ್! ಚರ್ಮ ಬಾಗಿಲ ತಿರುಗಣೆಯಂತೆ ನೇತಾಡುತ್ತದೆ, ಟೋಪಿಯ ಅಂಚಿನಂತೆ ಮಡಿಯುತ್ತದೆ. ಮೊದಲು ಹೆಣದ ಬಿಳುಪು, ಆಮೇಲೆ ಮಖಮಲ್ಲಿನ ಕೆಂಪು. ಬಿಳಿ ಮೊದಲು, ಕೆಂಪು ಆಮೇಲೆ. ನನ್ನ ಬೆರಳಿನಲ್ಲಿ ಕಂಡದ್ದೂ ಇದೇ ಕ್ರಮದಲ್ಲಿ. ಸುಮ್ನೆ ಕಲ್ಪಿಸಿ ಬರೆಯುವವರು ನೇರ ಕೆಂಪಿಗೇ ಹಾರುತ್ತಿದ್ದರು.

ಮುಂದೆ ಹೆಬ್ಬೆರಳೇ ಒಬ್ಬ ಪುಟ್ಟ ಮನುಷ್ಯನಾಗುತ್ತದೆ. ಮೊದಲು ಅವನು ‘ಪಿಲ್‌ಗ್ರಿಮ್’. ನಮಗೆ ಯಾತ್ರಿಕ ಅಂದರೆ ಧರ್ಮಸ್ಥಳವೋ ತಿರುಪತಿಯೋ. ಅವಳಿಗೆ ಅದು 1620ರಲ್ಲಿ ಹಡಗು ಹತ್ತಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದಿಳಿದ ಬಿಳಿಯರು. ಅವಳು ಹುಟ್ಟಿದ್ದೂ ಅದೇ ರಾಜ್ಯದಲ್ಲಿ. ಮೂಲನಿವಾಸಿಯೊಬ್ಬ ಕೊಡಲಿ ಬೀಸಿ ಆ ಯಾತ್ರಿಕನ ನೆತ್ತಿ ಹಾರಿಸಿದ್ದಾನೆ. ಶಾಲೆಯ ಪುಸ್ತಕದಲ್ಲಿ ಕಲಿತ ಅಮೆರಿಕದ ಚರಿತ್ರೆಯೆಲ್ಲ ಒಂದು ಬೆರಳ ತುದಿಯಲ್ಲಿ ನಾಟಕವಾಡುತ್ತಿದೆ. ಟರ್ಕಿ ಕೋಳಿಯ ಕೊರಳಿನ ಜೋಲುಮಾಂಸದಂಥ ಕೆಂಪು ಕಂಬಳಿ ಎದೆಯಿಂದಲೇ ಉರುಳಿ ಬರುತ್ತದೆ. ಗಣ್ಯರಿಗೆ ಹಾಸುವ ಹಾಗೆ. ಅವಳು ಅದರ ಮೇಲೆ ಕಾಲಿಡುತ್ತಾಳೆ, ಕೈಯಲ್ಲಿ ಗುಲಾಬಿ ನೊರೆಯ ಬಾಟಲಿ. ಔಷಧಿಯೋ ಶಾಂಪೇನೋ, ಎರಡೂ ಇರಬಹುದು. ಇದು ಸಂಭ್ರಮ ಅನ್ನುತ್ತಾಳೆ.

ಆಮೇಲೆ ಸೀಳಿನಿಂದ ಲಕ್ಷಾಂತರ ಸಿಪಾಯಿಗಳು ಓಡಿ ಬರುತ್ತಾರೆ, ಎಲ್ಲರೂ ಕೆಂಪಂಗಿಯವರು. ಅಮೆರಿಕ ಸ್ವಾತಂತ್ರ್ಯಕ್ಕೆ ಹೋರಾಡಿದಾಗ ಎದುರು ನಿಂತ ಬ್ರಿಟಿಷ್ ಸೈನಿಕರನ್ನು ಹಾಗೇ ಕರೆಯುತ್ತಿದ್ದರು. ತಕ್ಷಣ ಒಂದು ಪ್ರಶ್ನೆ: ಇವರೆಲ್ಲ ಯಾರ ಕಡೆಯವರು? ನನಗೆ ಇಡೀ ಕವಿತೆಯ ಭಾವ ಸಿಕ್ಕಿದ್ದು ಇಲ್ಲಿ. ರಕ್ತ ನನ್ನದೇ, ಆದರೆ ನನ್ನನ್ನು ಬಿಟ್ಟು ಓಡುತ್ತಿದೆ. ಇಂಗ್ಲಿಷ್ ಗಂಡನನ್ನು ಕಟ್ಟಿಕೊಂಡು, ಅವನ ದೇಶದಲ್ಲಿ, ಅವನಿಲ್ಲದ ಮನೆಯಲ್ಲಿ ನಿಂತ ಅಮೆರಿಕದ ಹೆಣ್ಣು ಈ ಪ್ರಶ್ನೆ ಕೇಳುತ್ತಿದ್ದಾಳೆ. ಗಂಡನ ಹೆಸರು ಕವಿತೆಯಲ್ಲಿ ಎಲ್ಲೂ ಇಲ್ಲ. ಬೇಕಾಗಿಯೂ ಇಲ್ಲ.

ಅದಾದ ಮೇಲೆ ತಮಾಷೆ ಇಳಿಯುತ್ತದೆ. ಹುಷಾರಿಲ್ಲ ಅನ್ನುತ್ತಾಳೆ. ಮೈಯೆಲ್ಲ ತೆಳ್ಳಗೆ ಕಾಗದದಂತೆ ಅನಿಸುವುದನ್ನು ಕೊಲ್ಲಲು ಮಾತ್ರೆ ನುಂಗಿದ್ದಾಳೆ. ಇಲ್ಲಿ ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಕೇಳಬೇಕು. ಮೊದಲ ಸಾಲಿನ ಥ್ರಿಲ್ ಈಗ ಇಲ್, ಪಿಲ್, ಕಿಲ್ ಆಗಿದೆ, ಕೊನೆಯ ಹತ್ತಿರ ಮಿಲ್ ಆಗುತ್ತದೆ. ಅದೇ ಪ್ರಾಸ, ಒಂದೊಂದೇ ಹನಿ.

ಬೆರಳಿನ ಬ್ಯಾಂಡೇಜ್ ಬಟ್ಟೆ ಒಮ್ಮೆ ಅಮೆರಿಕದ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರ ಬಿಳಿ ಮುಸುಕು, ಒಮ್ಮೆ ರಷ್ಯನ್ ಅಜ್ಜಿಯ ತಲೆವಸ್ತ್ರ. ಬೆರಳು ಜಪಾನಿನ ಕಾಮಿಕಾಝೆಯೂ ಹೌದು, ಶತ್ರುವಿನ ಮೇಲೆ ವಿಮಾನ ಸಮೇತ ಅಪ್ಪಳಿಸಿ ತಾನೂ ಸಾಯುವ ಸೈನಿಕ. ಅಡುಗೆಮನೆಯ ಗಾಯಕ್ಕೆ ಇಷ್ಟೆಲ್ಲ ರಕ್ತಪಾತದ ಚರಿತ್ರೆ ಯಾಕೆ, ಜಾಸ್ತಿ ಆಯ್ತು ಅಂತ ಕೆಲವರು ಗೊಣಗುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಕರಿಯರನ್ನು ಕೊಂದವರ ಮುಸುಕು ಇಲ್ಲಿ ಬರೀ ಆಕಾರಕ್ಕೆ ಬಂದಿದೆ ಅನಿಸಿ ಇವತ್ತಿಗೂ ಆ ಸಾಲಿನಲ್ಲಿ ಎಡವುತ್ತೇನೆ. ಆದರೆ ಗಾಬರಿಗೆ ತಕ್ಕಡಿ ಇರುವುದಿಲ್ಲ. ನನ್ನ ತಲೆಗೆ ಹಾಗಲಬೀಜ ಬಂತು, ಅವಳ ತಲೆಗೆ ಯುದ್ಧ ಬಂತು.

ಅವಳ ಅಪ್ಪನ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಪೂರ್ತಿ ನನ್ನ ಊಹೆಯ ಓದು. ಒಟ್ಟೊ ಪ್ಲಾತ್‌ಗೆ ಸಕ್ಕರೆ ಕಾಯಿಲೆ ಇತ್ತು, ಔಷಧಿ ಮಾಡಿರಲಿಲ್ಲ. ಕಾಲ್ಬೆರಳು ಎಡವಿ ಆದ ಗಾಯ ಕೊಳೆಯಿತು, ಕಾಲನ್ನೇ ಕತ್ತರಿಸಿದರು, 1940ರ ನವೆಂಬರ್ 5ರಂದು ತೀರಿಕೊಂಡ. ಮಗಳಿಗೆ ಎಂಟು ವರ್ಷ. ಒಂದು ಬೆರಳಿನ ಗಾಯ ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ಆ ಮನೆಯಲ್ಲಿ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಷ್ಟಾದರೂ ‘ಬರೀ ಎದೆಯ ಕೂಗು’ ಅನ್ನುವವರಿಗೆ ನಾನು ಒಂದು ಸಂದರ್ಶನ ತೋರಿಸುತ್ತೇನೆ. ‘ಕಟ್’ ಬರೆದ ಆರೇ ದಿನಕ್ಕೆ, ಅಕ್ಟೋಬರ್ 30ರಂದು, ಪೀಟರ್ ಆರ್ ಎಂಬ ಸಂದರ್ಶಕನ ಜೊತೆ ಮಾತಾಡುತ್ತಾ ಅವಳು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ಸೂಜಿ, ಚಾಕು ಬಿಟ್ಟು ಬೇರೇನೂ ಇಲ್ಲದ ಎದೆಯ ಕೂಗುಗಳ ಬಗ್ಗೆ ನನಗೆ ಸಹಾನುಭೂತಿ ಇಲ್ಲ, ಎಷ್ಟೇ ಭಯಂಕರ ಅನುಭವವನ್ನೂ ಬುದ್ಧಿಯಿಂದ ಹಿಡಿತಕ್ಕೆ ತರಬೇಕು. ಚಾಕು! ಆರು ದಿನದ ಹಿಂದಿನ ಕವಿತೆ ಆಗ ನೆನಪಿನಲ್ಲಿತ್ತೋ ಏನೋ.

ನಾನು ಇದನ್ನು ಕನ್ನಡಕ್ಕೆ ತರಲು ಹೋಗಿ ಸೋತಿದ್ದೇ ಜಾಸ್ತಿ. ಹೆಬ್ಬೆರಳು ಅಂದ ಕೂಡಲೇ ನಮಗೆ ಏಕಲವ್ಯ ಬಂದು ಕೂರುತ್ತಾನೆ, ಅವನನ್ನು ಎಬ್ಬಿಸಿ ಕಳಿಸುವುದೇ ಒಂದು ಕೆಲಸ. ‘ಥ್ರಿಲ್’ಗೆ ‘ಮಜಾ’ ಹಾಕಿ ನೋಡಿದೆ, ಹಗುರವಾಯಿತು. ‘ರೋಮಾಂಚನ’ ಅಂದರೆ ಭಾಷಣವಾಯಿತು. ಕವಿತೆ ಮುಗಿಯುವುದು ಎರಡು ಪುಟ್ಟ ಪದಗಳಲ್ಲಿ, ಥಂಬ್ ಸ್ಟಂಪ್. ಬಾಗಿಲು ಎರಡು ಸಲ ಬಡಿದ ಹಾಗೆ. ಬಹಳ ದಿನ ಅದಕ್ಕೆ ಏನೂ ಸಿಗಲಿಲ್ಲ. ಒಂದು ದಿನ ಬ್ಯಾಂಕಿನಲ್ಲಿ ಸಾಲಾಗಿ ನಿಂತಿದ್ದಾಗ ಮುಂದಿದ್ದ ಅಜ್ಜಿ ‘ಎಲ್ಲಪ್ಪಾ ಹೆಬ್ಬೆಟ್ಟು ಒತ್ತೋದು?’ ಅಂತ ಕೇಳಿದರು. ಮನೆಗೆ ಬಂದು ಬರೆದುಕೊಂಡೆ: ಮೋಟು ಹೆಬ್ಬೆಟ್ಟು.