ಎಲ್ಮೈರಾ ಹತ್ತಿರ ಅಜ್ಜಿ ಕೇಳಿದ ಲೆಕ್ಕ

ನಯಾಗರಾ ಟ್ರಿಪ್‌ನಲ್ಲಿ ಊಟ ಆದ ಮೇಲಿನ ಹೊತ್ತೇ ಕಷ್ಟ. ನ್ಯೂಜೆರ್ಸಿ ಪಿಕಪ್ ಆಗಿ ಗಂಟೆಗಟ್ಟಲೆ ಕೂತಿರುತ್ತಾರೆ, ಮುಂದಿನ ಸ್ಟಾಪ್ ವಾಟ್ಕಿನ್ಸ್ ಗ್ಲೆನ್ ಇನ್ನೂ ಬಂದಿರುವುದಿಲ್ಲ. ಆ ಗ್ಯಾಪ್ ತುಂಬಲು ಮೂರು ಸೀಸನ್ ಗೈಡ್ ಆಗಿ ನಾನು, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಜನರಲ್ ಜಾನ್ ಸಲಿವನ್ ಕತೆ ಹೇಳಿದೆ. ಆಫೀಸು ಕೊಟ್ಟ ಸ್ಕ್ರಿಪ್ಟ್‌ನಲ್ಲಿ ಅದು ಹನ್ನೆರಡು ಸಾಲು, ಪೂರಾ ಗೆಲುವಿನ ಕತೆ.

ಆ ದಿನ ಬಸ್ಸಿನ ತುಂಬ ಕನ್ನಡದವರೇ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು. ನನಗೂ ಹುರುಪು. 1779ರಲ್ಲಿ ಕ್ಲಿಂಟನ್ ಅನ್ನುವ ಇನ್ನೊಬ್ಬ ಜನರಲ್ ಒಟ್ಸೆಗೋ ಕೆರೆಯ ಕೋಡಿಗೆ ಕಟ್ಟೆ ಹಾಕಿಸಿ, ನೀರು ಏರಿದ ಮೇಲೆ ಒಡೆಸಿ, 200ಕ್ಕೂ ಹೆಚ್ಚು ದೋಣಿಗಳನ್ನು ಹೊಳೆಯಲ್ಲಿ ತೇಲಿಸಿಕೊಂಡು ಬಂದು ಸಲಿವನ್‌ನನ್ನು ಸೇರಿಕೊಂಡದ್ದನ್ನು ಹೇಳಿದೆ. ಚಪ್ಪಾಳೆ ಬಿತ್ತು. ಆಗಸ್ಟ್ 29ರಂದು ಇದೇ ಎಲ್ಮೈರಾ ಪಕ್ಕದ ನ್ಯೂಟೌನ್‌ನಲ್ಲಿ ಈ ನೆಲದ ಮೂಲನಿವಾಸಿಗಳಾದ ಇರೊಕ್ವಾಯ್ ಜನರನ್ನೂ ಬ್ರಿಟಿಷರ ಕಡೆಯವರನ್ನೂ ಸೋಲಿಸಿದ್ದು ಹೇಳಿದೆ. ಕೊನೆಗೆ, ದನಿ ಏರಿಸಿ, "40 ಊರು ಸುಟ್ಟರು, 1,60,000 ಬುಷೆಲ್ ಮೆಕ್ಕೆಜೋಳ ನಾಶ ಮಾಡಿದರು" ಅಂದೆ. ಸಲಿವನ್ ತಾನೇ ಕೊಟ್ಟ ಲೆಕ್ಕ ಅದು.

ಮೂರನೇ ಸಾಲಿನಿಂದ ಒಬ್ಬ ಅಜ್ಜಿ ಕೈ ಎತ್ತಿದರು. ದಾವಣಗೆರೆ ಕಡೆಯವರು, ಮನೆಯಲ್ಲಿ ಮೆಕ್ಕೆಜೋಳವೇ ಬೆಳೆ.

"ಅಲ್ಲಪ್ಪಾ, ಬುಷೆಲ್ ಅಂದ್ರೆ ಎಷ್ಟು ಕ್ವಿಂಟಲ್ಲು?"

ನನಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಫೋನ್ ತೆಗೆದರು. ಒಂದು ಬುಷೆಲ್ ಸುಮಾರು 25 ಕೆ.ಜಿ. ಅವರು ಜೋರಾಗಿಯೇ ಗುಣಿಸಿದರು. "ನಲವತ್ತು ಸಾವಿರ ಕ್ವಿಂಟಲ್ ಅಮ್ಮಾ."

ಅಜ್ಜಿ ಕಿಟಕಿಯಾಚೆ ನೋಡಿದರು. "ಆಗಸ್ಟಲ್ಲಿ ತೆನೆ ಬಲಿಯೋ ಹೊತ್ತು. ಆ ಚಳಿಗಾಲ ಏನು ತಿಂದ್ರು ಅವ್ರು?"

ಮೈಕ್ ಆನ್‌ನಲ್ಲೇ ಇತ್ತು. ಸ್ಪೀಕರಿನ ಗುಂಯ್ ಸದ್ದು ಬಿಟ್ಟರೆ ಬಸ್ಸಿನಲ್ಲಿ ಬೇರೆ ಸದ್ದಿಲ್ಲ. ಐವತ್ತು ಜನ ನನ್ನ ಮುಖ ನೋಡುತ್ತಿದ್ದರು. ಮೂರು ಸೀಸನ್ ಆ ಅಂಕಿ ಹೇಳಿದ್ದೆ, ಒಂದು ಸಲವೂ ಅದನ್ನು ಊಟ ಅಂತ ಯೋಚಿಸಿರಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ನಾನು "ಅವರೂ ಮೊದಲು ದಾಳಿ ಮಾಡಿದ್ದರು" ಅಂದೆ. ಅದು ಸುಳ್ಳಲ್ಲ. 1778ರಲ್ಲಿ ಪೆನ್ಸಿಲ್ವೇನಿಯಾದ ವಯೋಮಿಂಗ್ ಕಣಿವೆ, ನ್ಯೂಯಾರ್ಕಿನ ಚೆರ್ರಿ ವ್ಯಾಲಿಯಲ್ಲಿ ಸಾವು ನೋವು ಆಗಿತ್ತು. ಆದರೆ ಅಜ್ಜಿ ಕೇಳಿದ್ದು ಅದಲ್ಲ. ಅವರು ಸುಮ್ನೆ ತಲೆಯಾಡಿಸಿದರು. ಮುಂದಿನ ಸ್ಟಾಪ್‌ವರೆಗೆ ನಾನು ಮೈಕ್ ಮುಟ್ಟಲಿಲ್ಲ.

ರಾತ್ರಿ ಹೋಟೆಲ್‌ನಲ್ಲಿ ಒಂದು ಗಂಟೆವರೆಗೂ ಓದಿದೆ. ಬೆಳಿಗ್ಗೆ ಹೆಡ್‌ಕೌಂಟ್ ಆದ ಮೇಲೆ ಅಜ್ಜಿ ಪಕ್ಕ ಕೂತು ಹೇಳಿದೆ. ಸೆಪ್ಟೆಂಬರ್ ಉದ್ದಕ್ಕೂ ಸೈನ್ಯ ಇರೊಕ್ವಾಯ್‌ಗಳಲ್ಲೇ ಸೇರಿದ ಸೆನೆಕಾ, ಕಯೂಗಾ ಜನರ ಊರುಗಳನ್ನು ಸುಟ್ಟಿತು, ಪೀಚ್, ಸೇಬಿನ ಮರಗಳನ್ನೂ ಕಡಿಯಿತು. ಈ ಸೀಮೆಯನ್ನು ದಾಟಿ ಹೋದರೆ ಸಾಲದು, ನಾಶ ಮಾಡಬೇಕು ಅಂತ ಮೇ 31ರಂದೇ ಸೇನಾಪತಿ ವಾಷಿಂಗ್ಟನ್ ಸಲಿವನ್‌ಗೆ ಬರೆದಿದ್ದ. ಊರು ಬಿಟ್ಟ ಸಾವಿರಾರು ಜನ ಬ್ರಿಟಿಷರ ಕೋಟೆ ಫೋರ್ಟ್ ನಯಾಗರಾಕ್ಕೆ ನಡೆದರು. ನಾವು ಎಸಿ ಬಸ್ಸಿನಲ್ಲಿ ಬಂದ ದಿಕ್ಕಿಗೇ. ಆ ಚಳಿಗಾಲ ನ್ಯೂಯಾರ್ಕ್ ಬಂದರೇ ಹೆಪ್ಪುಗಟ್ಟಿತ್ತು. ಹಸಿವು, ಚಳಿ, ಕಾಯಿಲೆಗೆ ಬಹಳ ಜನ ಸತ್ತರು. ಇಷ್ಟಾದರೂ ಗಡಿಯ ದಾಳಿ ನಿಲ್ಲಲಿಲ್ಲ, 1780ರಲ್ಲಿ ಮತ್ತೆ ಶುರುವಾಯಿತು. ಸಲಿವನ್ ಆ ಕೋಟೆಯವರೆಗೆ ಹೋಗಲೇ ಇಲ್ಲ.

"ಹೊಲ ಯಾರು ಮಾಡ್ತಿದ್ರು?" ಅಂದರು ಅಜ್ಜಿ.

"ಹೆಂಗಸರು. ಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿ, ಬುಡದಲ್ಲಿ ಕುಂಬಳ ಹಾಕ್ತಿದ್ರು."

"ಅಕ್ಕಡಿ ಬೆಳೆ" ಅಂದರು, ತಮ್ಮ ಹೊಲದ ಮಾತು ಆಡಿದಂತೆ.

ಸ್ಕ್ರಿಪ್ಟ್ ತಿದ್ದಿ ಅಂತ ಆಫೀಸಿಗೆ ಎರಡು ಸಲ ಮೇಲ್ ಹಾಕಿದೆ. ಫೋರ್ಟ್ ನಯಾಗರಾಕ್ಕೆ ನಲವತ್ತು ನಿಮಿಷ ಕೊಡಿ ಅಂದೆ. ಡ್ರೈವರ್ ಅವರ್ಸ್ ಸಾಲಲ್ಲ, ಔಟ್‌ಲೆಟ್ ಸ್ಟಾಪ್ ತೆಗೆಯೋಕಾಗಲ್ಲ ಅಂತ ಉತ್ತರ. ಶಾಪಿಂಗ್‌ಗೆ ಎರಡು ಗಂಟೆ ಇದೆ, ಇದಕ್ಕೆ ಇಲ್ಲ! ಹೊಸದಾಗಿ ಸೇರಿದ ಗೈಡ್‌ಗಳಿಗೆ ಈಗಲೂ ಅದೇ ಹನ್ನೆರಡು ಸಾಲು ಹೋಗುತ್ತದೆ. ಅವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಅಂಕಿ ಓದುವ ಮುಂಚೆ ಅದು ಏನಾಗಿತ್ತು ಅಂತ ತಿಳಿದುಕೊಳ್ಳಿ ಅಂತ.

ಈಗ ಎಲ್ಮೈರಾ ಬಂದರೆ ನಾನು ಶುರು ಮಾಡುವುದು ಅಕ್ಕಡಿ ಬೆಳೆಯಿಂದ. ಸಲಿವನ್ ಆಮೇಲೆ ಬರುತ್ತಾನೆ.