ತಿರುಗುವ ಡ್ರಮ್ಮಿನ ಗೊಬ್ಬರ: ಉಂಡೆ ಕಟ್ಟುವುದು ಯಾಕೆ?

9 ಮಾರ್ಚ್ 2025, ಭಾನುವಾರ

ಅಡುಗೆಮನೆಯ ಕಸ ಹಾಕಿ, ಸ್ಟ್ಯಾಂಡಿನ ಮೇಲೆ ತಿರುಗಿಸಿ ಗೊಬ್ಬರ ಮಾಡುವ ಡ್ರಮ್ಮು ಇದು. ಬಾಗಿಲು ತೆಗೆದರೆ ಒಳಗೆಲ್ಲ ಉಂಡೆಗಳು. ಒಂದನ್ನು ಮುರಿದು ನೋಡಿದರೆ ಹೊರಗಿನ ಅರ್ಧ ಇಂಚು ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರುವಷ್ಟು ಚೆನ್ನಾಗಿದೆ. ನಡುವೆ ಮಾತ್ರ ಬೂದು ಬಣ್ಣ, ಹುಳಿ ವಾಸನೆ, ಇನ್ನೂ ಗುರುತು ಸಿಗುವ ಸಿಪ್ಪೆ. ಗಾಳಿ ಅರ್ಧ ಇಂಚಿನಾಚೆಗೆ ಹೋಗೇ ಇಲ್ಲ. ತಿರುಗುವ ಡ್ರಮ್ಮಿನಲ್ಲಿ ಅತಿ ಹೆಚ್ಚು ಕಾಡುವ ತೊಂದರೆ ಇದೇ, ಮತ್ತು ಇದಕ್ಕೆ ಇನ್ನಷ್ಟು ತಿರುಗಿಸುವುದು ಮದ್ದಲ್ಲ. ಒದ್ದೆ ಮಾಲನ್ನು ತಿರುಗಿಸಿದಷ್ಟೂ ಉಂಡೆ ದೊಡ್ಡದಾಗುತ್ತದೆ, ಗಟ್ಟಿಯಾಗುತ್ತದೆ.

ಮೂಲ ಇರುವುದು ನೀರಿನಲ್ಲಿ. ನೆಲದ ಮೇಲಿನ ರಾಶಿಯಲ್ಲಿ ಹೆಚ್ಚಾದ ನೀರು ಮಣ್ಣಿಗೆ ಇಳಿಯುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಆವಿಯಾದದ್ದೂ ಗೋಡೆಗೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಹಾಗಾಗಿ ಹಸಿಕಸ, ಒಣಕಸ (ತರಗೆಲೆ, ರಟ್ಟಿನಂಥವು) ಸಮಸಮ ಹಾಕಿ ಎಂಬ ಸಲಹೆ ಡ್ರಮ್ಮಿಗೆ ಸಾಲುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಅಡುಗೆಮನೆಯ ಹಸಿಕಸ 5 ಕಿಲೋ ಅಂದರೆ ಸುಮಾರು 4 ಕಿಲೋ ನೀರೇ, ಗಟ್ಟಿ ಪದಾರ್ಥ ಒಂದೇ ಕಿಲೋ. ಗೊಬ್ಬರಕ್ಕೆ ಬೇಕಾದ ತೇವ ಶೇ. 50ರಿಂದ 60. ಅಲ್ಲಿಗೆ ಇಳಿಸಬೇಕಾದರೆ 2 ಕಿಲೋದಷ್ಟು ಒಣ ತರಗೆಲೆ ಬೇಕು. ಪುಡಿ ಮಾಡದ ತರಗೆಲೆ ಹಗುರ. ಆದ್ದರಿಂದ ಅಳತೆಯಲ್ಲಿ ಇದು ಒಂದು ಬಕೆಟ್ ಹಸಿಕಸಕ್ಕೆ ಮೂರು, ಮೂರೂವರೆ ಬಕೆಟ್ ಎಲೆ. ಕಣ್ಣಿಗೆ ಅತಿಯಾಯಿತು ಅನ್ನಿಸುತ್ತದೆ, ಆದರೆ ಅಷ್ಟೇ ಹಾಕಬೇಕು. ಇಷ್ಟು ಹಾಕಿದಾಗ ಇಂಗಾಲ-ಸಾರಜನಕದ ಪ್ರಮಾಣವೂ ತಾನಾಗಿಯೇ 30ಕ್ಕೆ 1ರ ಹತ್ತಿರ ಬರುತ್ತದೆ, ಸೂಕ್ಷ್ಮಜೀವಿಗಳಿಗೆ ಬೇಕಾದದ್ದೂ ಅದೇ. ತರಗೆಲೆ ಸಾಲದಿದ್ದರೆ ಮೇಣ, ಬಣ್ಣದ ಲೇಪನವಿಲ್ಲದ ರಟ್ಟನ್ನು ಎರಡು ಬೆರಳಗಲ ಹರಿದು ಸೇರಿಸಬಹುದು. ನೀರು ಹೀರುವುದರಲ್ಲಿ ಎಲೆಗಿಂತ ರಟ್ಟೇ ವಾಸಿ. ಮರದ ಹೊಟ್ಟಿನಲ್ಲಿ ಇಂಗಾಲ ಬಹಳ ಹೆಚ್ಚು, ಅದನ್ನು ಹಿಡಿ ಲೆಕ್ಕದಲ್ಲಷ್ಟೇ ಹಾಕಬೇಕು. ಪ್ಲೈವುಡ್ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ.

ಕಟ್ಟಿದ ಉಂಡೆಗಳನ್ನು ಕೈಗವಸು ಹಾಕಿಕೊಂಡು ಮುರಿಯುವುದೊಂದೇ ದಾರಿ. ಮುರಿದ ಮಾಲಿಗೆ ರಟ್ಟು ಬೆರೆಸಿ, ಒಂದು ಹಿಡಿ ಬಿಗಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿಯಾದ ತೇವ. ಧಾರೆ ಇಳಿದರೆ ಇನ್ನೂ ರಟ್ಟು ಬೇಕು. ಕೈ ಬಿಚ್ಚಿದ ಕೂಡಲೇ ಉದುರಿಹೋದರೆ ಒಣಗಿದೆ. ಆಗ ಒಮ್ಮೆಗೇ ಸುರಿಯದೆ ಒಂದು ಲೀಟರಿನಂತೆ ಚಿಮುಕಿಸಿ ತಿರುಗಿಸಿ. ಡ್ರಮ್ಮಿನೊಳಗೆ ಇರುವೆ ಗೂಡು ಕಟ್ಟಿದ್ದರೆ ಅದೂ ಒಣಗಿದ್ದರದೇ ಗುರುತು.

ಎರಡು ಮೂರು ದಿನಕ್ಕೊಮ್ಮೆ ಐದಾರು ಸುತ್ತು ಸಾಕು. ದಿನವೂ ತಿರುಗಿಸಿದರೆ ಬಿಸಿ ನಿಲ್ಲುವುದಿಲ್ಲ. ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಮೇಲೆ ಖಾಲಿ ಇಲ್ಲದಿದ್ದರೆ ಮಾಲು ಉರುಳದೆ ಒಂದೇ ಮುದ್ದೆಯಾಗಿ ಡ್ರಮ್ಮಿನ ಜೊತೆ ಸುತ್ತುತ್ತದೆ. ಗಾಳಿಯ ತೂತುಗಳನ್ನು ವಾರಕ್ಕೊಮ್ಮೆ ತಂತಿಯಿಂದ ಚುಚ್ಚಿ ಬಿಡಿಸಬೇಕು.

ಇನ್ನು ಬಿಸಿಯ ವಿಚಾರ. ರೋಗಾಣು ಸಾಯಲು ಮಾಲಿಗೆಲ್ಲ 55 ಡಿಗ್ರಿ ಸೆಲ್ಸಿಯಸ್ ಕಾವು ಸತತ ಮೂರು ದಿನವಾದರೂ ಇರಬೇಕು. 150–200 ಲೀಟರಿನ ಡ್ರಮ್ಮಿನಲ್ಲಿ ಮಾಲು ಕಡಿಮೆ, ಕಾವು ಗೋಡೆಯಿಂದ ಬೇಗ ಸೋರಿಹೋಗುತ್ತದೆ. ಎಷ್ಟೋ ಸಲ 40–50 ಡಿಗ್ರಿಗೇ ನಿಲ್ಲುತ್ತದೆ. ಗೊಬ್ಬರ ಅಷ್ಟರಲ್ಲೂ ಆಗುತ್ತದೆ, ನಿಧಾನ ಅಷ್ಟೇ. ಆದರೆ ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ, ನಾಯಿ ಬೆಕ್ಕಿನ ಮಲ ಇವನ್ನು ಈ ಡ್ರಮ್ಮಿಗೆ ಹಾಕಲೇಬಾರದು. ಮಾಂಸ, ಎಣ್ಣೆ ಪದಾರ್ಥವೂ ಬೇಡ. ಎರೆಹುಳು ಬಿಡುವವರೂ ಇದ್ದಾರೆ. 35 ಡಿಗ್ರಿ ದಾಟಿದರೆ ಪಾಪ ಅವು ಬದುಕುವುದಿಲ್ಲ.

ವಾಸನೆಯಿಂದಲೇ ಅರ್ಧ ರೋಗ ಪತ್ತೆಯಾಗುತ್ತದೆ. ಮೂಗಿಗೆ ಚುರ್ರೆನ್ನುವ ಅಮೋನಿಯಾ ಬಂದರೆ ಹುಲ್ಲು, ಕಾಫಿ ಚರಟದಂಥ ಸಾರಜನಕ ಹೆಚ್ಚಾಗಿದೆ, ಒಣಕಸ ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲ: ಮುರಿಯಿರಿ, ರಟ್ಟು ಹಾಕಿ, ಒಂದೆರಡು ದಿನ ಬಾಗಿಲು ತೆರೆದಿಡಿ, ಮಳೆ ಬೀಳದ ಹಾಗೆ.

ಇನ್ನೊಂದು ಎಚ್ಚರ ತೂಕದ್ದು. 150 ಲೀಟರ್ ಒದ್ದೆ ಮಾಲು 90 ಕಿಲೋ ಮುಟ್ಟಬಹುದು. ಸ್ಟ್ಯಾಂಡಿನ ಬೋಲ್ಟುಗಳನ್ನು ಆಗಾಗ ಬಿಗಿ ಮಾಡಿ, ನಡುವಿನ ಅಚ್ಚಿಗೆ ಗ್ರೀಸ್ ಹಚ್ಚಿ. ತಿರುಗಿಸುವಾಗ ಸರ್ರನೆ ವಾಪಸ್ ಬರುವ ಡ್ರಮ್ಮಿಗೆ ಮಣಿಕಟ್ಟು ಕೊಡಬೇಡಿ.

ಡ್ರಮ್ಮು ಮುಕ್ಕಾಲು ತುಂಬಿದ ಮೇಲೆ ಹೊಸ ಕಸ ನಿಲ್ಲಿಸಲೇಬೇಕು. ದಿನಾ ಒಂದೊಂದು ಹಿಡಿ ಸೇರಿಸುತ್ತ ಹೋದರೆ ಯಾವ ಕಾಲಕ್ಕೂ ಗೊಬ್ಬರ ಮುಗಿಯುವುದಿಲ್ಲ. ಎರಡು ಕೋಣೆಯ ಡ್ರಮ್ಮು ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ: ಒಂದು ತುಂಬುತ್ತಿರುವಾಗ ಇನ್ನೊಂದು ಹಣ್ಣಾಗುತ್ತದೆ. ಎಲ್ಲ ಸರಿಯಿದ್ದರೆ ಆರರಿಂದ ಎಂಟು ವಾರಕ್ಕೆ ಮಾಲು ಕಪ್ಪಾಗಿ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಅದನ್ನು ಹೊರತೆಗೆದು ತೂತಿರುವ ಬುಟ್ಟಿಯಲ್ಲಿ, ನೆರಳಲ್ಲಿ, ತೇವ ಆರದಂತೆ ಇನ್ನೊಂದು ತಿಂಗಳು ಮಾಗಿಸಿ. ಮಾಗದ ಗೊಬ್ಬರ ಬೇರನ್ನು ಸುಡುತ್ತದೆ, ಮಣ್ಣಿನ ಸಾರಜನಕವನ್ನೂ ತಾನೇ ಎಳೆದುಕೊಳ್ಳುತ್ತದೆ. ಪರೀಕ್ಷೆ ಸುಲಭ: ಎರಡು ಹಿಡಿ ತೇವದ ಗೊಬ್ಬರವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಂದು ವಾರ ಬಿಟ್ಟು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಇನ್ನೂ ಕಾಯಿರಿ. ಮಣ್ಣಿನ ವಾಸನೆಯೇ ಇದ್ದರೆ 10 ಮಿಲಿಮೀಟರ್ ಜರಡಿಯಲ್ಲಿ ಆಡಿಸಿ, ಕುಂಡದ ಮಣ್ಣಿಗೆ ಕಾಲು ಭಾಗ ಬೆರೆಸಿ. ಜರಡಿಯ ಮೇಲೆ ಉಳಿದ ಕಡ್ಡಿ, ಚೂರುಗಳನ್ನು ಎಸೆಯಬೇಡಿ. ಅವುಗಳ ಮೈಮೇಲೆಲ್ಲ ಸೂಕ್ಷ್ಮಜೀವಿಗಳಿರುತ್ತವೆ. ಮುಂದಿನ ಸರದಿಯ ಡ್ರಮ್ಮಿಗೆ ತಳದಲ್ಲಿ ಅವನ್ನೇ ಹಾಕಿ.