ಕಾವ್ಯನಾಮಕ್ಕೊಂದು ಲ್ಯಾಪ್‌ಟಾಪ್: ಕೆಲಸ ಎಲ್ಲಿಗೆ ಬಂತು

ಒಂದು ಕಾವ್ಯನಾಮದಲ್ಲಿ ಲೇಖನ, ಫೋಟೊ ಪ್ರಕಟವಾಗುತ್ತಿರಬೇಕು, ಆ ಹೆಸರಿನ ಜಾಡು ಹಿಡಿದು ಬರೆದವರ ತನಕ ಯಾರೂ ಬರಲಾಗಬಾರದು. ಈ ಪ್ರಾಜೆಕ್ಟಿನ ಗುರಿ ಇಷ್ಟೇ. ಸಾಮಾನು: 64 ಬಿಟ್‌ನ ಹಳೇ ಲ್ಯಾಪ್‌ಟಾಪ್, ಕನಿಷ್ಠ 3 ಜಿಬಿ ರ‍್ಯಾಮ್, 8 ಜಿಬಿಯ ಎರಡು ಪೆನ್‌ಡ್ರೈವ್ (ಒಂದು ಕೆಲಸಕ್ಕೆ, ಒಂದು ಬ್ಯಾಕಪ್‌ಗೆ), ತಪಾಸಣೆಗೆ ಎರಡು ನೆಟ್‌ವರ್ಕ್ ಪೋರ್ಟ್ ಇರುವ ಇನ್ನೊಂದು ಲಿನಕ್ಸ್ ಕಂಪ್ಯೂಟರ್, ಪಾಸ್‌ಫ್ರೇಸ್ (ಹಲವು ಪದಗಳ ಗುಪ್ತಪದ) ಆರಿಸಲು ಒಂದಷ್ಟು ದಾಳ. ಆಪರೇಟಿಂಗ್ ಸಿಸ್ಟಮ್ ಟೇಲ್ಸ್. ಅದು ಪೆನ್‌ಡ್ರೈವಿನಿಂದಲೇ ಬೂಟ್ ಆಗುತ್ತದೆ, ಹಾರ್ಡ್‌ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ, ಇಂಟರ್ನೆಟ್ ಸಂಪರ್ಕವನ್ನು ಟಾರ್ (ರಿಲೇ ಎನ್ನುವ ಹಲವು ಕಂಪ್ಯೂಟರ್‌ಗಳನ್ನು ದಾಟಿಸಿ ಮೂಲ ಮರೆಮಾಡುವ ಜಾಲ) ಮೂಲಕ ಕಳಿಸುತ್ತದೆ, ಆರಿಸುವಾಗ ರ‍್ಯಾಮ್ ಅಳಿಸಿ ಹಾಕುತ್ತದೆ.

ಯಾರಿಂದ ಮರೆಯಾಗಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬಾರದು. ಇಲ್ಲಿ ನಾಲ್ಕು ಜನ: ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿ ಅಥವಾ ವೈಫೈ ಮಾಲೀಕ, ಪ್ರಕಟಿಸುವ ಜಾಲತಾಣ, ಲ್ಯಾಪ್‌ಟಾಪ್ ಅಥವಾ ಪೆನ್‌ಡ್ರೈವ್ ಕೈಗೆ ಸಿಕ್ಕವರು, ಮತ್ತು ಬರೆದವರನ್ನು ಹತ್ತಿರದಿಂದ ಬಲ್ಲ ಓದುಗ. ಈ ನಾಲ್ಕನೆಯವನನ್ನು ಟಾರ್ ತಡೆಯಲಾರದು, ಆತನ ವಿಷಯ ಕೊನೆಗೆ ಬರುತ್ತದೆ.

ಬೂಟ್ ಮತ್ತು ಗಡಿಯಾರ: ಮುಗಿದಿದೆ

ಟೇಲ್ಸ್‌ನ ಇಮೇಜ್ (ಇಡೀ ಸಿಸ್ಟಮ್ ಅಡಕವಾದ ಫೈಲ್) ಇಳಿಸಿಕೊಂಡ ಮೇಲೆ ಅದರ ಡಿಜಿಟಲ್ ಸಹಿ ಪರೀಕ್ಷಿಸಿಯೇ ಪೆನ್‌ಡ್ರೈವಿಗೆ ಬರೆಯಬೇಕು. ಒಂದೇ ಪೆನ್‌ಡ್ರೈವಿನಲ್ಲಿ ಹತ್ತಾರು ಸಿಸ್ಟಮ್ ಇಡುವ ಬೂಟ್ ಮೆನು ಸಾಧನಗಳು ಇಲ್ಲಿ ಬೇಡ. ಅವುಗಳಿಂದ ಟೇಲ್ಸ್ ಶುರುವಾದರೂ ಪರ್ಸಿಸ್ಟೆಂಟ್ ಸ್ಟೋರೇಜ್ (ಪೆನ್‌ಡ್ರೈವಿನಲ್ಲೇ ಫೈಲ್ ಉಳಿಸಿಡುವ ಗೂಢಲಿಪಿಯ ಜಾಗ) ಮತ್ತು ಸ್ವಯಂ ಅಪ್‌ಗ್ರೇಡ್ ಕೈಕೊಡುತ್ತವೆ. ಇಮೇಜನ್ನು ನೇರವಾಗಿ ಇಡೀ ಪೆನ್‌ಡ್ರೈವಿಗೇ ಬರೆಯಬೇಕು.

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎಡವಟ್ಟು ಆಗುವುದು ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿಯಲ್ಲಿ. ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಟಾರ್ ಜಾಲದ ಎಲ್ಲ ರಿಲೇಗಳ ಪಟ್ಟಿ ಗಂಟೆಗೊಮ್ಮೆ ಹೊಸದಾಗಿ ತಯಾರಾಗುತ್ತದೆ, ಪ್ರತಿ ಪಟ್ಟಿಯ ಆಯಸ್ಸು ಮೂರು ಗಂಟೆ. ಗಡಿಯಾರ ತಪ್ಪಿದ್ದರೆ ಹೊಸ ಪಟ್ಟಿಯೂ ಅಮಾನ್ಯವೆನಿಸಿ ಸಂಪರ್ಕ ಅರ್ಧಕ್ಕೇ ನಿಲ್ಲುತ್ತದೆ. ಪರದೆಯ ಮೇಲೆ ಮಾತ್ರ ನೆಟ್‌ವರ್ಕ್ ಸರಿ ಇಲ್ಲವೇನೋ ಎಂಬ ಹಾಗೆ ಕಾಣುತ್ತದೆ, ಜನ ರೂಟರ್ ಹಿಡಿದುಕೊಂಡು ಒದ್ದಾಡುತ್ತಾರೆ. ಮಲ್ಟಿಮೀಟರಿನಲ್ಲಿ 3 ವೋಲ್ಟ್ ತೋರಿಸಬೇಕಾದ ಬಿಲ್ಲೆ 2.5ಕ್ಕಿಂತ ಕೆಳಗಿದ್ದರೆ ಬದಲಾಯಿಸುವುದೇ ಸರಿ. ಸಮಯ ಕೈಯಿಂದ ತುಂಬುವುದಾದರೆ ಟೇಲ್ಸ್ ಮೊದಲಿಗೆ ತೋರಿಸುವ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಸಮಯ, ಭಾರತದ್ದಲ್ಲ) ಎಂಬುದು ನೆನಪಿರಲಿ.

ತಂತಿಯ ಮೇಲೆ ಕಾಣುವುದೇನು: ಮುಗಿದಿದೆ, ಆದರೆ ಪ್ರತಿ ಅಪ್‌ಗ್ರೇಡ್ ಆದ ಮೇಲೂ ಮತ್ತೆ ಮಾಡಬೇಕು

ಸಿಸ್ಟಮ್ ತನ್ನ ಬಗ್ಗೆ ತಾನೇ ಹೇಳುವುದನ್ನು ನಂಬಿ ಕೂರಬಾರದು, ಹೊರಗಿನಿಂದ ನೋಡಬೇಕು. ಎರಡು ಪೋರ್ಟಿನ ಕಂಪ್ಯೂಟರನ್ನು ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆ ಬ್ರಿಡ್ಜ್ ಮಾಡಿ ಕೂರಿಸಿ, ಅದರಲ್ಲಿ ಟಿಸಿಪಿಡಂಪ್ (ತಂತಿಯಲ್ಲಿ ಹಾದುಹೋಗುವುದನ್ನೆಲ್ಲ ತೋರಿಸುವ ಪ್ರೋಗ್ರಾಮ್) ಓಡಿಸಿ. ಐಪಿ ವಿಳಾಸಗಳನ್ನು ಹೆಸರಿಗೆ ತಿರುಗಿಸದಂತೆ ಆಯ್ಕೆ ಹಾಕಿರಬೇಕು, ಇಲ್ಲದಿದ್ದರೆ ತಪಾಸಣೆ ಮಾಡುವ ಯಂತ್ರವೇ ಡಿಎನ್‌ಎಸ್ (ತಾಣದ ಹೆಸರು ಮತ್ತು ಐಪಿ ವಿಳಾಸ ಹೊಂದಿಸುವ ವ್ಯವಸ್ಥೆ) ಪ್ರಶ್ನೆ ಕೇಳಿ ಗೊಂದಲ ಎಬ್ಬಿಸುತ್ತದೆ.

ಟೇಲ್ಸ್ ಶುರುವಾದಾಗ ಟಾರ್‌ಗೆ ಸ್ವಯಂಚಾಲಿತವಾಗಿ ಸೇರಬೇಕೋ, ಟಾರ್ ಬಳಸುತ್ತಿರುವುದನ್ನು ಸ್ಥಳೀಯ ನೆಟ್‌ವರ್ಕಿನಿಂದ ಮುಚ್ಚಿಡಬೇಕೋ ಎಂದು ಕೇಳುತ್ತದೆ. ಮೊದಲನೆಯದನ್ನು ಆರಿಸಿದರೆ ಐಪಿ ವಿಳಾಸ ಪಡೆಯುವ ಮಾತುಕತೆಯ ಹಿಂದೆಯೇ ಒಂದು ಸಾದಾ ಡಿಎನ್‌ಎಸ್ ಪ್ರಶ್ನೆ ಹೊರಬೀಳುತ್ತದೆ, ಕೇಳಿದ್ದು ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಯೋಜನೆಯ ವಿಳಾಸ. ಆಮೇಲೆ 80ನೇ ಪೋರ್ಟಿಗೆ ಒಂದು ಸಣ್ಣ ಸಂಪರ್ಕ. ಇವೆರಡೂ ಟಾರ್ ಹೊರಗೇ ನಡೆಯುತ್ತವೆ. ಇದು ದೋಷವಲ್ಲ. ಲಾಗಿನ್ ಪುಟ ಅಡ್ಡ ಇದೆಯೇ ಎಂದು ನೋಡಲು, ಗಡಿಯಾರ ಸರಿಪಡಿಸಿಕೊಳ್ಳಲು ಟೇಲ್ಸ್ ಬೇಕೆಂದೇ ಇಟ್ಟ ವಿನಾಯಿತಿ, ಅದರ ದಾಖಲೆಯಲ್ಲೂ ಬರೆದಿದ್ದಾರೆ. ಅದಾದ ಮೇಲೆ ಕಾಣುವುದು ಮೊದಲ ರಿಲೇಯ ಕಡೆಗಿನ ಗೂಢಲಿಪಿಯ ಹರಿವು ಮಾತ್ರ. ಟಾರ್ ಮಾಹಿತಿಯನ್ನು 514 ಬೈಟ್‌ನ ಸಮಾನ ತುಂಡುಗಳಾಗಿ ಕತ್ತರಿಸಿ ಕಳಿಸುವುದರಿಂದ ಒಳಗೇನಿದೆ ಎಂದು ತುಂಡಿನ ಗಾತ್ರ ನೋಡಿ ಊಹಿಸಲಾಗದು. ಆದರೆ ಎಷ್ಟು ಹೊತ್ತಿಗೆ ಶುರುವಾಯಿತು, ಒಟ್ಟು ಎಷ್ಟು ಹರಿಯಿತು ಎಂಬುದು ತಂತಿ ನೋಡುವವರಿಗೆ ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಂದ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಟಾರ್ ಮೂಲಕ ಹೋಗಿತ್ತು. ಕಳಿಸಿದ ವಿದ್ಯಾರ್ಥಿ ಸಿಕ್ಕಿಬಿದ್ದದ್ದು ಟಾರ್ ಮುರಿದದ್ದರಿಂದಲ್ಲ. ಆ ಹೊತ್ತಿಗೆ ವಿಶ್ವವಿದ್ಯಾಲಯದ ವೈಫೈನಲ್ಲಿ ಟಾರ್ ಬಳಸಿದ್ದವರು ಯಾರು ಎಂದು ಅಲ್ಲಿಯ ಲಾಗ್ ನೋಡಿದರು, ಅಷ್ಟೇ ಸಾಕಾಯಿತು. ಆತ ಮಾಡಿದ್ದು ಅಪರಾಧ, ಸಿಕ್ಕಿದ್ದು ನ್ಯಾಯವೇ. ಆದರೆ ಭ್ರಷ್ಟಾಚಾರ ಬಯಲು ಮಾಡುವ ನೌಕರ ಕಚೇರಿಯ ವೈಫೈ ಬಳಸಿದರೂ ಸಿಕ್ಕಿಬೀಳುವುದು ಇದೇ ರೀತಿಯಲ್ಲಿ. ಯಾವ ಸಂಸ್ಥೆಯ ಬಗ್ಗೆ ಬರೆಯುತ್ತೀರೋ ಆ ಸಂಸ್ಥೆಯ ನೆಟ್‌ವರ್ಕಿನಿಂದ ಅದನ್ನು ಎಂದಿಗೂ ಕಳಿಸಬೇಡಿ.

ಮುಚ್ಚಿಡುವ ಆಯ್ಕೆಯಲ್ಲಿ ಫೆಡೋರಾದ ಪ್ರಶ್ನೆ ಹೊರಬೀಳುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಎರಡು: ಗಡಿಯಾರ ತಾನಾಗಿ ಸರಿಹೋಗುವುದಿಲ್ಲ (ಬಿಲ್ಲೆ ಬ್ಯಾಟರಿಗೆ ಅಷ್ಟು ಜಾಗ ಕೊಟ್ಟದ್ದು ಇದಕ್ಕೇ), ಮತ್ತು ಬ್ರಿಡ್ಜ್ ರಿಲೇಯ (ಸಾರ್ವಜನಿಕ ಪಟ್ಟಿಯಲ್ಲಿಲ್ಲದ ಟಾರ್ ರಿಲೇ, ಮೇಲಿನ ತಪಾಸಣೆಯ ಬ್ರಿಡ್ಜ್ ಅಲ್ಲ) ವಿಳಾಸ ಮೊದಲೇ ಕೈಯಲ್ಲಿರಬೇಕು. ಒಬಿಎಫ್‌ಎಸ್4 (ಟಾರ್ ಹರಿವಿನ ಗುರುತು ಸಿಗದಂತೆ ಮಾಡುವ ವಿಧಾನ) ಬ್ರಿಡ್ಜಿನ ವಿಳಾಸದ ಸಾಲು ತುಂಬ ಉದ್ದ, ಕೈಯಿಂದ ಟೈಪಿಸಿದರೆ ಒಂದಾದರೂ ಅಕ್ಷರ ತಪ್ಪುತ್ತದೆ. ಟಾರ್ ಪ್ರಾಜೆಕ್ಟ್ ಕೊಡುವ ಕ್ಯೂಆರ್ ಕೋಡನ್ನು ಲ್ಯಾಪ್‌ಟಾಪ್ ಕ್ಯಾಮೆರಾಗೆ ಹಿಡಿದರೆ ಆ ರಗಳೆಯಿಲ್ಲ.

ಇದೇ ತಂತಿಯ ಮೇಲೆ ಸಾಮಾನ್ಯ ಲಿನಕ್ಸಿನಲ್ಲಿ ಟಾರ್ ಸೇವೆ ಓಡಿಸಿಯೂ ಹೋಲಿಸಿ ನೋಡುವುದು ಒಳ್ಳೆಯದು. ಜಾಲಪುಟ ಇಳಿಸುವ ಕರ್ಲ್ ಪ್ರೋಗ್ರಾಮಿಗೆ 9050ನೇ ಪೋರ್ಟಿನ ಸಾಕ್ಸ್5 ಪ್ರಾಕ್ಸಿ (ಟಾರ್ ಸೇವೆಯ ಮಧ್ಯವರ್ತಿ ಬಾಗಿಲು) ಕೊಟ್ಟರೆ ಪುಟವೇನೋ ಟಾರ್ ಮೂಲಕವೇ ಬರುತ್ತದೆ, ಆದರೆ ತಾಣದ ಹೆಸರನ್ನು ಮಾತ್ರ ಕರ್ಲ್ ಮೊದಲೇ ಸ್ಥಳೀಯ ಡಿಎನ್‌ಎಸ್‌ನಲ್ಲಿ ಕೇಳಿಬಿಡುತ್ತದೆ. 53ನೇ ಪೋರ್ಟಿನಲ್ಲಿ ಆ ಹೆಸರು ಬಿಚ್ಚಿಟ್ಟ ಹಾಗೆ ಓದಲು ಸಿಗುತ್ತದೆ. ಹೆಸರನ್ನೂ ಪ್ರಾಕ್ಸಿಗೇ ಒಪ್ಪಿಸುವ ಸಾಕ್ಸ್5 ಹೋಸ್ಟ್‌ನೇಮ್ ಆಯ್ಕೆ ಹಾಕಿದಾಗಲೇ ಸೋರಿಕೆ ನಿಲ್ಲುವುದು. ಟೇಲ್ಸ್‌ನಲ್ಲಿ ಇದೇ ತಪ್ಪು ಮಾಡಿದರೂ ಹೆಸರಿನ ಪ್ರಶ್ನೆ ಟಾರ್ ಮೂಲಕವೇ ಹೋಗುತ್ತದೆ, ಟಾರ್ ತಪ್ಪಿಸಿ ಹೋಗಲು ನೋಡುವ ಸಂಪರ್ಕವನ್ನು ಫೈರ್‌ವಾಲ್ ಕಡಿಯುತ್ತದೆ, ಸೋರಲು ಬಿಡುವುದಿಲ್ಲ. ಈ ಒಂದು ಕಾರಣಕ್ಕೇ ಟೇಲ್ಸ್ ಆರಿಸಿದ್ದು.

ವೈಫೈನಲ್ಲಿ ಮ್ಯಾಕ್ ವಿಳಾಸವನ್ನೂ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಟೇಲ್ಸ್ ಬದಲಿಸುತ್ತದೆ, ಆದರೆ ಆರು ಬೈಟ್‌ಗಳಲ್ಲಿ ಕೊನೆಯ ಮೂರನ್ನು ಮಾತ್ರ. ಮೊದಲ ಮೂರು ಕಾರ್ಡ್ ತಯಾರಕರದ್ದು, ಅವು ಹಾಗೇ ಉಳಿಯುತ್ತವೆ.

ಬ್ರೌಸರ್: ಮಾಡಲು ಹೆಚ್ಚಿಲ್ಲ

ಟಾರ್ ಬ್ರೌಸರಿಗೆ ಆಡ್-ಆನ್ ಹಾಕಬೇಡಿ, ಥೀಮ್, ಫಾಂಟ್ ಬದಲಿಸಬೇಡಿ. ಎಲ್ಲರ ಬ್ರೌಸರೂ ಒಂದೇ ಥರ ಕಾಣುವುದೇ ಅದರ ರಕ್ಷಣೆ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್‌ನ 2010ರ ಪ್ಯಾನೊಪ್ಟಿಕ್ಲಿಕ್ ಪ್ರಯೋಗಕ್ಕೆ ಬಂದ ಬ್ರೌಸರ್‌ಗಳಲ್ಲಿ ಶೇ 83.6ರಷ್ಟು ಒಂದರಂತೆ ಇನ್ನೊಂದಿರಲಿಲ್ಲ, ಕುಕೀ ಇಲ್ಲದೆಯೇ ಗುರುತಿಸಬಹುದಿತ್ತು. ಕಿಟಕಿಯ ಗಾತ್ರವೂ ಗುರುತೇ. ಟಾರ್ ಬ್ರೌಸರ್ ಪುಟದ ಜಾಗವನ್ನು 200×100ರ ಗುಣಕಗಳಿಗೆ ಇಳಿಸಿ, ಗರಿಷ್ಠ 1400×900ಕ್ಕೆ ತೆರೆಯುವುದು ಇದಕ್ಕಾಗಿಯೇ. ಆಮೇಲೆ ಕಿಟಕಿ ಎಳೆದು ದೊಡ್ಡದು ಮಾಡಿದರೆ ಸುತ್ತ ಬರುವ ಬೂದು ಅಂಚು ದೋಷವಲ್ಲ, ಹಾಗೇ ಇರಲಿ.

ಫೋಟೊದ ಗುರುತು ತೊಳೆಯುವುದು: ನಡೆಯುತ್ತಿದೆ

ಹೆಚ್ಚು ಸಮಯ ನುಂಗುತ್ತಿರುವುದು ಇದು. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ, ಆಂಟಿವೈರಸ್ ಖ್ಯಾತಿಯ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿರುವುದು ಗೊತ್ತಾದದ್ದು, ಒಂದು ಪತ್ರಿಕೆ ಜಿಪಿಎಸ್ ಅಂಕಿ ಅಳಿಸದೆ ಪ್ರಕಟಿಸಿದ ಫೋಟೊದಿಂದ. ಎಕ್ಸಿಫ್‌ನಲ್ಲಿ (ಫೋಟೊ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಜಿಪಿಎಸ್ ಒಂದೇ ಇರುವುದಿಲ್ಲ. ಕ್ಯಾಮೆರಾದ ಸೀರಿಯಲ್ ಸಂಖ್ಯೆ, ಸೆಕೆಂಡಿನವರೆಗಿನ ಸಮಯ, ಪುಟ್ಟ ಥಂಬ್‌ನೇಲ್ ಚಿತ್ರ ಕೂಡ ಇರಬಹುದು. ಕೆಲವು ಸಾಫ್ಟ್‌ವೇರ್‌ಗಳು ಫೋಟೊ ಕತ್ತರಿಸಿದರೂ ಥಂಬ್‌ನೇಲ್ ಹಳೆಯದನ್ನೇ ಉಳಿಸುತ್ತವೆ.

ಈ ಮಾಹಿತಿ ತಿದ್ದುವ ಎಕ್ಸಿಫ್‌ಟೂಲ್ ಪ್ರೋಗ್ರಾಮಿನಲ್ಲಿ ಎಲ್ಲ ಟ್ಯಾಗ್‌ಗಳನ್ನೂ ಖಾಲಿ ಮಾಡುವ ಆದೇಶ ಕೊಟ್ಟರೆ ಮೂರು ಕಡೆ ಎಡವಬಹುದು. ಹಳೆಯ ಫೈಲ್ ಹೆಸರಿನ ಕೊನೆಗೆ ‘ಒರಿಜಿನಲ್’ ಎಂದು ಅಂಟಿಕೊಂಡು ಅದೇ ಫೋಲ್ಡರಿನಲ್ಲಿ ಉಳಿಯುತ್ತದೆ, ಫೋಲ್ಡರ್ ಪೂರ್ತಿ ಜಿಪ್ ಮಾಡಿ ಕಳಿಸಿದರೆ ಅದೂ ಹೋಗುತ್ತದೆ. ದಿಕ್ಕಿನ ಟ್ಯಾಗ್ ಅಳಿಯುವುದರಿಂದ ಉದ್ದಕ್ಕೆ ಹಿಡಿದು ತೆಗೆದ ಫೋಟೊ ಅಡ್ಡ ಮಲಗುತ್ತದೆ, ಹಾಗಾಗಿ ಮೊದಲು ಪಿಕ್ಸೆಲ್‌ಗಳನ್ನೇ ತಿರುಗಿಸಿ ಉಳಿಸಿ, ಆಮೇಲೆ ಟ್ಯಾಗ್ ಅಳಿಸಬೇಕು. ಬಣ್ಣದ ಪ್ರೊಫೈಲ್ ಹೋಗುವುದರಿಂದ ಕೆಲವು ಫೋನುಗಳ ಚಿತ್ರ ಮಂಕಾಗುತ್ತದೆ, ಮೊದಲೇ ಸಾಮಾನ್ಯ ಬಣ್ಣದ ಮಾನಕವಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿದರೆ ಸರಿಯಾಗುತ್ತದೆ. ಫೈಲ್ ಹೆಸರೂ ಬದಲಾಗಲಿ. ಫೋನುಗಳು ದಿನಾಂಕ, ಸಮಯವನ್ನು ಹೆಸರಿನಲ್ಲೇ ಬರೆದಿರುತ್ತವೆ.

ಪಿಡಿಎಫ್‌ಗೆ ಎಕ್ಸಿಫ್‌ಟೂಲ್ ಬೇಡವೇ ಬೇಡ. ಅದು ಬದಲಾವಣೆಯನ್ನು ಫೈಲಿನ ಕೊನೆಗೆ ಸೇರಿಸುತ್ತದೆಯೇ ಹೊರತು ಹಳೆಯ ಮಾಹಿತಿಯನ್ನು ತೆಗೆಯುವುದಿಲ್ಲ, ಅಳಿಸಿದ್ದನ್ನು ಸುಲಭವಾಗಿ ಮರಳಿ ಪಡೆಯಬಹುದು. ಇದಕ್ಕೆ ಮ್ಯಾಟ್2 ಎಂಬ ಪ್ರೋಗ್ರಾಮ್ ವಾಸಿ, ಪುಟಗಳನ್ನು ಚಿತ್ರವಾಗಿಸಿ ಹೊಸ ಪಿಡಿಎಫ್ ಕಟ್ಟುತ್ತದೆ. ಪಠ್ಯ ಆಯ್ದುಕೊಳ್ಳಲು ಬರದು, ಗಾತ್ರ ಹಿಗ್ಗುತ್ತದೆ, ಆದರೂ ಇದನ್ನೇ ಬಳಸುತ್ತಿದ್ದೇವೆ.

ಹೆಸರು, ಮುಖ ಮರೆಮಾಡಲು ಮಸುಕು ಮಾಡುವುದನ್ನು ಕೈಬಿಟ್ಟಾಗಿದೆ. ಮಸುಕಾದ ಅಕ್ಷರಗಳನ್ನು ಎಷ್ಟೋ ಸಲ ಊಹಿಸಿ ತೆಗೆಯಬಹುದು. ಗಟ್ಟಿ ಕಪ್ಪು ಚೌಕ ಹಾಕಿ, ಪದರಗಳನ್ನು ಒಂದಾಗಿಸಿ, ಹೊಸ ಫೈಲಾಗಿ ಉಳಿಸಬೇಕು. ಹೊಸ ಫೈಲ್ ಯಾಕೆಂದರೆ, 2023ರಲ್ಲಿ ಬಯಲಾದ ‘ಏಕ್ರಾಪಲಿಪ್ಸ್’ ದೋಷದಲ್ಲಿ ಪಿಕ್ಸೆಲ್ ಫೋನಿನ ಕತ್ತರಿಸುವ ಸಾಧನ ಚಿಕ್ಕ ಚಿತ್ರವನ್ನು ಹಳೆಯದರ ಮೇಲೆಯೇ ಬರೆದು, ಮಿಕ್ಕ ಬಾಲವನ್ನು ಕತ್ತರಿಸದೆ ಬಿಟ್ಟಿತ್ತು. ಕತ್ತರಿಸಿ ತೆಗೆದ ಭಾಗ ಆ ಬಾಲದಲ್ಲಿ ಉಳಿದಿತ್ತು.

ಇನ್ನೂ ಪೂರ್ತಿ ಬಗೆಹರಿಯದ್ದು ಸೆನ್ಸರಿನ ‘ನಾಯ್ಸ್’. ಪ್ರತಿ ಕ್ಯಾಮೆರಾ ಸೆನ್ಸರಿನ ಪಿಕ್ಸೆಲ್‌ಗಳು ಬೆಳಕಿಗೆ ಸ್ಪಂದಿಸುವುದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಅದು ಫೋಟೊದಲ್ಲೇ ಅಚ್ಚಾಗಿರುತ್ತದೆ. ಎಕ್ಸಿಫ್ ಅಳಿಸಿದರೆ ಅದು ಹೋಗದು. ಚಿತ್ರ ಚಿಕ್ಕದು ಮಾಡಿ ಮತ್ತೆ ಕಂಪ್ರೆಸ್ ಮಾಡಿದರೆ ದುರ್ಬಲವಾಗುತ್ತದೆ, ನಾಶವಾಗುತ್ತದೆ ಎನ್ನಲಾಗದು. ಆದರೆ ಹೋಲಿಸಲು ಅದೇ ಕ್ಯಾಮೆರಾದ ಬೇರೆ ಫೋಟೊಗಳು ಬೇಕು. ಆದ್ದರಿಂದ ಕಾವ್ಯನಾಮದ ಕ್ಯಾಮೆರಾದಲ್ಲಿ ತೆಗೆದ ಒಂದು ಫೋಟೊ ಕೂಡ ನಿಜ ಹೆಸರಿನ ಖಾತೆಗೆ ಹೋಗಬಾರದು. ಯಾವ ಸಾಫ್ಟ್‌ವೇರಿಗಿಂತಲೂ ಈ ಶಿಸ್ತೇ ಹೆಚ್ಚು ಕಾಯುತ್ತದೆ.

ಪಾಸ್‌ಫ್ರೇಸ್: ಪದಪಟ್ಟಿ ತಿದ್ದಲಾಗುತ್ತಿದೆ

ಪರ್ಸಿಸ್ಟೆಂಟ್ ಸ್ಟೋರೇಜಿನ ಬಲ ನಿಂತಿರುವುದು ಪಾಸ್‌ಫ್ರೇಸಿನ ಮೇಲೆ. 7776 ಪದಗಳ ಇಂಗ್ಲಿಷ್ ಪಟ್ಟಿಯಲ್ಲಿ ಐದು ದಾಳ ಹಾಕಿ ಒಂದು ಪದ ಆರಿಸಿದರೆ 12.9 ಬಿಟ್ (ಊಹಿಸುವುದು ಎಷ್ಟು ಕಷ್ಟ ಎಂಬುದರ ಅಳತೆ), ಆರು ಪದಕ್ಕೆ 77ಕ್ಕೂ ಹೆಚ್ಚು. ಕನ್ನಡ ಪದಗಳು ನೆನಪಿಗೆ ಸಲೀಸು ಎಂದು ನಾಲ್ಕು ದಾಳಕ್ಕೆ ಹೊಂದುವ 1296 ಪದಗಳ ಪಟ್ಟಿ ಕಟ್ಟುತ್ತಿದ್ದೇವೆ. ಪದಕ್ಕೆ 10.3 ಬಿಟ್, ಏಳು ಪದಕ್ಕೆ 72. ತೊಡಕಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವಾಗ: ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಆಗಿಬಿಡುತ್ತವೆ, ಲೆಕ್ಕದ ಬಿಟ್‌ಗಳು ಕರಗುತ್ತವೆ. ಲ-ಳ, ನ-ಣ, ಹ್ರಸ್ವ-ದೀರ್ಘಗಳಲ್ಲಷ್ಟೇ ಬೇರೆಯಾಗುವ ಜೋಡಿಗಳನ್ನು ಪಟ್ಟಿಯಿಂದ ತೆಗೆಯುತ್ತಿದ್ದೇವೆ. ಟೇಲ್ಸ್ 5.13ಕ್ಕಿಂತ ಮುಂಚೆ ಮಾಡಿದ ಸ್ಟೋರೇಜ್ ಇದ್ದರೆ ಅದರ ಗೂಢಲಿಪಿ ಹಳೆಯದು, ಲಕ್ಸ್2ಗೆ (ಲಿನಕ್ಸಿನ ಡಿಸ್ಕ್ ಗೂಢಲಿಪಿಯ ಹೊಸ ರೂಪ) ಏರಿಸಿ ಪಾಸ್‌ಫ್ರೇಸನ್ನೂ ಬದಲಿಸಿ.

ಬರಹದ ಗುರುತು: ಈಗಷ್ಟೇ ಶುರು

ಮೊದಲ ಪಟ್ಟಿಯ ನಾಲ್ಕನೆಯವ, ಬರೆದವರನ್ನು ಬಲ್ಲ ಓದುಗ, ಬರುವುದು ಇಲ್ಲಿ. ಶೈಲಿ ಮರೆಮಾಡುವುದು ಕಷ್ಟ, ಆದರೆ ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ಗುರುತುಗಳೂ ಇವೆ, ಅವನ್ನು ಮೊದಲು ತೆಗೆಯಬಹುದು. ‘ಕೇ’ ಅಕ್ಷರದ ದೀರ್ಘ ಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಏತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ‘ನುಡಿ’ ತಂತ್ರಾಂಶದ ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯದಲ್ಲಿ ಎರಡನೆಯದು ಆಗಾಗ ಸಿಗುತ್ತದೆ. ‘ಪೆನ್‌ಡ್ರೈವ್’ ಥರದ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಸಂಕೇತವನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಅಂಕಿಗಳು ಕನ್ನಡದವೋ ಅಲ್ಲವೋ, ಅರ್ಕಾವತ್ತು ಯಾವ ರೀತಿಯದು, ಅಲ್ಪವಿರಾಮದ ಮುಂಚೆ ಜಾಗ ಬಿಡುವ ಅಭ್ಯಾಸ ಇದೆಯೇ: ಇವೆಲ್ಲ ಸೇರಿದರೆ ಕೀಬೋರ್ಡ್ ಮತ್ತು ಕೈ ಎರಡರ ಸುಳಿವೂ ಸಿಗುತ್ತದೆ.

ಇದಕ್ಕೊಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆಯುತ್ತಿದ್ದೇವೆ. ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ಪಠ್ಯವನ್ನು ಸಮೀಕರಿಸಿದರೆ ದೀರ್ಘದ ಎರಡು ಸಂಕೇತ ಒಂದಾಗುತ್ತವೆ. ಅದೃಶ್ಯ ಸಂಕೇತಗಳನ್ನು ಮಾತ್ರ ಎನ್‌ಎಫ್‌ಸಿ ಮುಟ್ಟುವುದಿಲ್ಲ, ಅವುಗಳಿಗೆ ಪ್ರತ್ಯೇಕ ನಿಯಮ ಬೇಕು. ಎಲ್ಲವನ್ನೂ ಕಿತ್ತು ಹಾಕಿದರೆ ಇಂಗ್ಲಿಷ್ ಪದಗಳು ವಿಚಿತ್ರ ಒತ್ತಕ್ಷರಗಳಾಗಿ ಓದಲಾಗದಂತಾಗುತ್ತವೆ. ಸದ್ಯದ ಯೋಚನೆ: ಮೊದಲು ಎಲ್ಲ ತೆಗೆದು, ಒಂದು ಸ್ಥಿರ ಪದಪಟ್ಟಿ ನೋಡಿ ಬೇಕಾದಲ್ಲಿ ಸ್ಕ್ರಿಪ್ಟೇ ಮರಳಿ ಸೇರಿಸುವುದು. ಪಟ್ಟಿಯಲ್ಲಿಲ್ಲದ ಪದ ಬಂದರೆ ಫೈಲ್ ಉಳಿಸದೆ ನಿಂತು ಆ ಪದ ತೋರಿಸಬೇಕು. ಪ್ರಕಟಿಸುವ ಗಂಟೆಯನ್ನು ಚದುರಿಸುವ ಕೆಲಸ ಇದಾದ ಮೇಲೆ.